ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಕೆ? ಪೆನ್‌ಡ್ರೈವ್‌ನಿಂದ ಲಿನಕ್ಸ್ ನೋಡುವ ದಾರಿ, ಡ್ರೈವರ್‌ಗಳ ಭಯ

‘ವಿಂಡೋಸ್ 10 ನಿಂತುಹೋಯಿತು, ಹಳೆ ಲ್ಯಾಪ್‌ಟಾಪ್ ಇನ್ನು ಗುಜರಿಗೇ’ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು: ‘ಲಿನಕ್ಸ್ ಹಾಕಿದರೆ ವೈಫೈ, ಪ್ರಿಂಟರ್ ಯಾವುದೂ ನಡೆಯಲ್ಲ.’ ಎರಡರಲ್ಲೂ ಒಂದೆಳೆ ಸತ್ಯವಿದೆ, ಉಳಿದದ್ದು ಗಾಬರಿ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ಆದರೆ ಲ್ಯಾಪ್‌ಟಾಪ್ ನಿಂತಿಲ್ಲ. ನಿಂತದ್ದು ಭದ್ರತಾ ಅಪ್‌ಡೇಟ್; ಅದೂ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್‌ವರೆಗೆ ಬರುತ್ತದೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು. 2015ರಲ್ಲಿ ಮಗಳ ಡಿಗ್ರಿಗೆಂದು ಕೊಂಡ ಲ್ಯಾಪ್‌ಟಾಪ್ ಇಲ್ಲೇ ಹೊರಗುಳಿಯುತ್ತದೆ. ಲಿನಕ್ಸ್ ಇವೆರಡನ್ನೂ ಕೇಳುವುದಿಲ್ಲ.

ಧಾರವಾಡ–ಅಳ್ನಾವರ ರೈಲು ದಾರಿಯಲ್ಲಿರುವ ಮುಗದ ಕುಂಬಾರಿಕೆಗೆ ಹೆಸರಾದ ಊರು. ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ಸಪ್ಪಳ ಕೇಳಿ, ಆಮೇಲೆ ರೊಕ್ಕ ಕೊಡುತ್ತಾರೆ. ಲೈವ್ ಡಿಸ್ಕ್ ಎಂದರೆ ಕಂಪ್ಯೂಟರಿಗೆ ಹಾಗೆ ಬಡಿದು ನೋಡುವುದೇ. 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ‘ಕ್ನಾಪಿಕ್ಸ್’ ಸಿಡಿಯಿಂದ ಇದನ್ನು ಜನಪ್ರಿಯಗೊಳಿಸಿದರು. ಈಗ ಸಿಡಿಯ ಜಾಗಕ್ಕೆ 8 ಜಿಬಿ ಪೆನ್‌ಡ್ರೈವ್ ಬಂದಿದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಶುರುವಾಗಿ ರ‍್ಯಾಮ್‌ನಲ್ಲಿ ನಡೆಯುತ್ತದೆ. ‘ಇನ್‌ಸ್ಟಾಲ್’ ಒತ್ತುವವರೆಗೆ ಅದು ತಾನಾಗಿ ಹಾರ್ಡ್‌ಡಿಸ್ಕ್‌ನ ಫೈಲುಗಳನ್ನು ಅಳಿಸುವುದಿಲ್ಲ.

ಹಾಗಾದರೆ ಡೇಟಾ ಕಳೆದುಕೊಳ್ಳುವವರು ಹೇಗೆ ಕಳೆದುಕೊಳ್ಳುತ್ತಾರೆ? ಲೈವ್ ಪೆನ್‌ಡ್ರೈವ್ ತಯಾರಿಸುವಾಗ ಅದರಲ್ಲಿದ್ದ ಹಳೆ ಫೋಟೋ ಎಲ್ಲ ಅಳಿಯುತ್ತವೆ. ಇನ್‌ಸ್ಟಾಲ್ ಮಾಡುವಾಗ ‘ಎರೇಸ್ ಡಿಸ್ಕ್’ ಆರಿಸಿದರೆ ವಿಂಡೋಸ್ ಸಮೇತ ಎಲ್ಲ ಹೋಗುತ್ತದೆ. ಮೂರನೆಯದನ್ನು ಯಾರೂ ಹೇಳುವುದಿಲ್ಲ: ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಬದಲಾಯಿಸಿದರೆ ವಿಂಡೋಸ್ 48 ಅಂಕಿಗಳ ಕೀಲಿ ಕೇಳಬಹುದು. ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ.

ಈಗ ಡ್ರೈವರ್. ಯಂತ್ರದ ಒಂದೊಂದು ಭಾಗದ ಜೊತೆ ಮಾತಾಡಲು ಬೇಕಾದ ತಂತ್ರಾಂಶ ಇದು. ವಿಂಡೋಸ್‌ನಲ್ಲಿ ಸಿಡಿ ಹಾಕಿ ಒಂದೊಂದೇ ಕೂರಿಸಿದ ನೆನಪಿರುವವರಿಗೆ ಅಚ್ಚರಿಯಾಗಬಹುದು, ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್‌ನೊಳಗೇ ಬಂದಿರುತ್ತವೆ. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತವೆ. ತಕರಾರು ಹೆಚ್ಚಾಗಿ ಕೆಲವು ಬ್ರಾಡ್‌ಕಾಮ್ ಮತ್ತು ರಿಯಲ್‌ಟೆಕ್ ವೈಫೈ ಚಿಪ್, ಎನ್‌ವಿಡಿಯಾ ಕಾರ್ಡ್, ಬೆರಳಚ್ಚು ಓದುಗಗಳದು. ತಯಾರಕರು ಒಳವಿವರ ಕೊಡದಿರುವುದು ಇದಕ್ಕೆ ದೊಡ್ಡ ಕಾರಣ, ಹಾಗಾಗಿ ಬೈಗುಳವೆಲ್ಲ ಲಿನಕ್ಸ್‌ಗೇ ಸಲ್ಲಬೇಕಿಲ್ಲ.

ಲೈವ್‌ನಲ್ಲಿ ವೈಫೈ ಕಾಣದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್‌ನೆಟ್ ಬಂದರೆ ಉಬುಂಟು, ಮಿಂಟ್‌ಗಳ ಡ್ರೈವರ್ ಕಿಟಕಿ ಬೇಕಾದದ್ದನ್ನು ಹುಡುಕುತ್ತದೆ. ಪರದೆ ಕಪ್ಪಾದರೆ ಆರಂಭದ ಪಟ್ಟಿಯಲ್ಲಿ ‘ಸೇಫ್ ಗ್ರಾಫಿಕ್ಸ್’ ಅಥವಾ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ. ಲೈವ್‌ನಲ್ಲಿ ಹಾಕಿದ್ದು ರೀಬೂಟ್ ಆದರೆ ಮಾಯವಾಗುತ್ತದೆ, ಹಾಗಾಗಿ ರೀಬೂಟ್ ಕೇಳುವ ಎನ್‌ವಿಡಿಯಾ ಡ್ರೈವರ್‌ನ ಬಗ್ಗೆ ಅಲ್ಲೇ ತೀರ್ಪು ಕೊಡಬೇಡಿ. ಅರ್ಧ ತಾಸು ಕೂತು ಧ್ವನಿ, ಕ್ಯಾಮೆರಾ, ಬ್ಲೂಟೂತ್ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಏಳುತ್ತದೆಯೇ ಎಂಬುದನ್ನೂ ನೋಡಿ, ಬಹಳ ಜನ ಮರೆಯುವುದು ಇದನ್ನೇ.

ಝೆರಾಕ್ಸ್ ಅಂಗಡಿಯವರು ಪ್ರಿಂಟರ್ ಜೋಡಿಸದೆ ನಿರ್ಧರಿಸಬಾರದು. ಎಚ್‌ಪಿಯ ಅನೇಕ ಮಾದರಿಗಳು ಸುಲಭ. ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಸತಾಯಿಸುವುದೇ ಹೆಚ್ಚು.

‘ಇದೆಲ್ಲ ಎಂಜಿನಿಯರುಗಳಿಗೆ’ ಎನ್ನುವವರು ಕಾಸರಗೋಡಿನತ್ತ ನೋಡಬಹುದು. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದೇ ಕೈಟ್ ಗ್ನೂ/ಲಿನಕ್ಸ್ ಮೇಲೆ, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳದ್ದೂ ಸೇರಿ. ನುಡಿ ಕೀಲಿಮಣೆಯ ವಿನ್ಯಾಸವೂ ಲಿನಕ್ಸ್‌ನಲ್ಲಿ ಸಿಗುತ್ತದೆ. ಯೂನಿಕೋಡ್ ಅಲ್ಲದ ಹಳೆ ನುಡಿ ಫೈಲುಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕು.

ಡೌನ್‌ಲೋಡ್ ಲಿಂಕನ್ನು ಫಾರ್ವರ್ಡ್‌ನಿಂದ ತೆಗೆದುಕೊಳ್ಳಬೇಡಿ. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್‌ನ ಅಧಿಕೃತ ತಾಣಕ್ಕೇ ಕನ್ನ ಹಾಕಿದವರು ಲಿಂಕ್ ಬದಲಿಸಿ, ಕಳ್ಳಬಾಗಿಲಿದ್ದ ಪ್ರತಿ ಹಂಚಿದ್ದರು. ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಸಾಲನ್ನು ಇಳಿಸಿಕೊಂಡ ಫೈಲಿನದರ ಜೊತೆ ಹೋಲಿಸಿ, ಮಿಂಟ್ ತಾಣ ಹೇಳುವಂತೆ ಆ ಸಾಲಿನ ಡಿಜಿಟಲ್ ಸಹಿಯನ್ನೂ ಪರಿಶೀಲಿಸಿ. ಒಂದು ಅಕ್ಷರ ಬೇರೆಯಾದರೂ ಆ ಫೈಲನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ.