ಹಳೆಯ ಸೀರೆಯಲ್ಲಿ ಸೋಸಿದ ನೀರು

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ನಮ್ಮ ಮನೆತನಗಳಿಗೆ ಹೊಸತೇನಲ್ಲ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಕೆರೆಯ ನೀರು ತುಂಬುತ್ತಿದ್ದ ಹಿರಿಯರನ್ನು ಕಂಡವರು ಇಂದಿಗೂ ಇದ್ದಾರೆ. ಆ ಬಟ್ಟೆ ಕಸಕಡ್ಡಿಯನ್ನಷ್ಟೇ ತಡೆಯುವುದೋ, ರೋಗವನ್ನೂ ತಡೆಯುವುದೋ? ಬಾಂಗ್ಲಾದೇಶದ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಜ್ಞಾನಿ ರೀಟಾ ಕಾಲ್ವೆಲ್, ಅವರ ಸಹೋದ್ಯೋಗಿ ಅನ್ವರ್ ಹಕ್ ಹಾಗೂ ಢಾಕಾದ ಅತಿಸಾರ ರೋಗ ಸಂಶೋಧನ ಕೇಂದ್ರದವರು.

ವಾಂತಿಭೇದಿಯನ್ನು ತಂದೊಡ್ಡುವ ಕಾಲರಾ ರೋಗಾಣು ಅತಿ ಸೂಕ್ಷ್ಮವಾದುದು. ಬಟ್ಟೆಯ ರಂಧ್ರದಲ್ಲಿ ಅದು ನಿರಾಯಾಸವಾಗಿ ನುಸುಳಬಲ್ಲದು. ಆದರೆ ಕೆರೆ ಹೊಳೆಗಳಲ್ಲಿ ಅದು ಕೋಪೆಪಾಡ್ ಎಂಬ ಕಿರಿಯ ಜಲಜೀವಿಗಳ ಮೈಗೆ ಬಹುಸಂಖ್ಯೆಯಲ್ಲಿ ಅಂಟಿಕೊಂಡು ಬಾಳುತ್ತದೆ. ಆ ಜೀವಿಯನ್ನು ತಡೆದರೆ ರೋಗಾಣುವನ್ನೂ ತಡೆದಂತೆ. ಹಳೆಯ ಹತ್ತಿ ಸೀರೆಯನ್ನು ಕನಿಷ್ಠ 4 ಪದರವಾಗಿ ಮಡಿಸಿದಾಗ ರಂಧ್ರಗಳು ಸುಮಾರು 20 ಮೈಕ್ರಾನ್‌ನಷ್ಟು ಕಿರಿದಾಗುತ್ತವೆ. ಹೀಗೆ ಸೋಸಿದಾಗ, ಜಲಜೀವಿಗಳಿಗೆ ಅಂಟಿದ ರೋಗಾಣುಗಳಲ್ಲಿ ಶೇಕಡಾ 99ರಷ್ಟು ಬಟ್ಟೆಯಲ್ಲೇ ಉಳಿಯುವುದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿತು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಮೆತ್ತಗಾಗಿ ರಂಧ್ರಗಳು ಮುಚ್ಚಿಕೊಂಡಿರುತ್ತವೆ.

ಪ್ರಯೋಗಾಲಯದ ಫಲ ಅಡುಗೆಮನೆಯಲ್ಲಿಯೂ ಸಿದ್ಧಿಸಬೇಕಲ್ಲವೆ? ಸೌದೆಯ ಅಭಾವದಿಂದ ನೀರು ಕುದಿಸುವುದೇ ಕಷ್ಟವಾಗಿದ್ದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ, ಸುಮಾರು 1,33,000 ಜನರ ನಡುವೆ, 1999ರಿಂದ 2002ರವರೆಗೆ ಪರೀಕ್ಷೆ ನಡೆಯಿತು. ಕಾರ್ಯಕರ್ತೆಯರು ಮನೆಮನೆಗೆ ತೆರಳಿ ಗೃಹಿಣಿಯರಿಗೆ ಸೋಸುವ ಕ್ರಮವನ್ನು ಕಲಿಸಿದರು. ಸೋಸದೆ ಕುಡಿದವರಿಗೆ ಹೋಲಿಸಿದರೆ ಸೀರೆಯಲ್ಲಿ ಸೋಸಿದವರಲ್ಲಿ ಕಾಲರಾ ಶೇಕಡಾ 48ರಷ್ಟು ಇಳಿಯಿತು. 2003ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ತಂಡದವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಐದು ವರ್ಷಗಳ ಅನಂತರ ಅದೇ ಹಳ್ಳಿಗಳಿಗೆ ಮರಳಿ ವಿಚಾರಿಸಿದರು. ಶೇಕಡಾ 31ರಷ್ಟು ಮಹಿಳೆಯರು ಆಗಲೂ ನೀರು ಸೋಸುತ್ತಿದ್ದರು. ಅವರಲ್ಲಿ ಶೇಕಡಾ 60 ಮಂದಿ ಸೀರೆಯನ್ನೇ ಬಳಸುತ್ತಿದ್ದರು. ಸೋಸುವವರ ನೆರೆಯಲ್ಲಿದ್ದು ತಾವು ಸೋಸದ ಮನೆಗಳಲ್ಲಿಯೂ ರೋಗ ಕಡಿಮೆಯಿದ್ದುದು 2010ರಲ್ಲಿ ಪ್ರಕಟವಾದ ವರದಿಯಿಂದ ತಿಳಿಯಿತು. ಒಂದು ಮನೆಯ ಶುಚಿತ್ವ ನೆರೆಮನೆಯನ್ನೂ ಕಾಯುತ್ತದೆ.

ತಾಯಂದಿರು ಒಂದು ಮಾತನ್ನು ಮರೆಯಬಾರದು. ಬಿಡಿಯಾಗಿ ತೇಲುವ ರೋಗಾಣುಗಳನ್ನಾಗಲಿ, ವೈರಸ್‌ಗಳನ್ನಾಗಲಿ, ನೀರಿನಲ್ಲಿ ಕರಗಿದ ವಿಷವನ್ನಾಗಲಿ ಸೀರೆ ತಡೆಯದು. ರೋಗಾಣುಗಳಿಂದ ಪಾರಾಗಲು ಕುದಿಸಿದ ನೀರೇ ಉತ್ತಮ. ಕುದಿಸಲು ಅನುಕೂಲವಿಲ್ಲದೆಡೆ, ನೆರೆ ಬಂದು ಒಲೆ ಹೊತ್ತದ ದಿನಗಳಲ್ಲಿ, ಏನೂ ಮಾಡದಿರುವುದಕ್ಕಿಂತ ಸೋಸುವುದು ಲೇಸು. ಸೋಸಿದ ಬಟ್ಟೆಯನ್ನು ಪ್ರತಿಸಲವೂ ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸತಕ್ಕದ್ದು.

ವಿದ್ವಾಂಸರು ದುಬಾರಿ ಯಂತ್ರವನ್ನು ಹೊತ್ತು ಬರದೆ, ಬಡವಳ ಮನೆಯಲ್ಲಿ ಏನಿದೆಯೆಂದು ಮೊದಲು ನೋಡಿದರು. ಅವಳಿಗೆ ಮಾಡಲು ಸಾಧ್ಯವಾದುದನ್ನೇ ಅಳೆದು, ತೂಗಿ, ಅದರ ಮಿತಿಯನ್ನೂ ಮುಚ್ಚಿಡದೆ ಹೇಳಿದರು. ಜನರ ಪ್ರಾಣ ಉಳಿಸುವ ವಿದ್ಯೆಯ ಲಕ್ಷಣ ಇದೇ ಅಲ್ಲವೆ?