ದೀಪಾವಳಿಗೆ ಬರುತ್ತಂತೆ ಅನ್ನೋ ಫೋನು, ಇವತ್ತೇ ಬರೆಸಬೇಕಾದ ರಾಗಿ

ಹಬ್ಬ ಮುಗಿಸಿ ಮತ್ತೆ ಹೊಲದ ಕಡೆ ಬಂದಿದ್ದೀರಿ ಅಂದ್ಕೊಂಡಿದ್ದೀನಿ. ಚಿತ್ತೆ ಮಳೆ ನಮ್ಮ ಕಡೆ ಬಿಟ್ಟು ಬಿಟ್ಟು ಹುಯ್ತಾ ಇದೆ. ರಾಗಿ ತೆನೆ ಒಡೆದು ಹಾಲು ತುಂಬೋ ಹೊತ್ತು. ಕಡ್ಲೆಕಾಯಿ ಕಿತ್ತೋರು ಬಿಸಿಲು ಸಿಗದೆ ಒದ್ದಾಡ್ತಿದ್ದಾರೆ, ಅದರ ವಿಚಾರ ಮುಂದಿನ ಸಲ ಬರೀತೀನಿ. ಇವತ್ತಿನದು ಸ್ವಲ್ಪ ಖಾರ ಇದೆ, ಬೇಜಾರು ಮಾಡ್ಕೋಬೇಡಿ.

ಆಯುಧ ಪೂಜೆ ದಿನ ನೇಗಿಲು, ಕುಂಟೆ, ಕುಡುಗೋಲು, ಔಷಧಿ ಹೊಡಿಯೋ ಕ್ಯಾನು ಎಲ್ಲ ತೊಳೆದು ಸಾಲಾಗಿ ಇಟ್ಟು ಕುಂಕುಮ ಇಡ್ತಾ ಇದ್ದೆ. ಮಗ ಬಂದು ನನ್ನ ಫೋನನ್ನೂ ಕುಡುಗೋಲಿನ ಪಕ್ಕ ಇಟ್ಟ. "ಇದಕ್ಕೂ ಇಡಪ್ಪ, ಇದಿಲ್ಲದೆ ಹೋದ ವರ್ಷ ಏನಾಯ್ತು ಗೊತ್ತಲ್ಲ" ಅಂದ. ನಕ್ಕು ಅದಕ್ಕೂ ಒಂದು ಬೊಟ್ಟು ಇಟ್ಟೆ.

ಪೂಜೆ ಮುಗಿದ ಮೇಲೆ ಪಕ್ಕದ ಹೊಲದ ಅಕ್ಕ ಬಂದ್ರು. ಗಂಡ ತೀರ್ಕೊಂಡು ಆರು ವರ್ಷ ಆಯ್ತು, 1 ಎಕರೆ 10 ಗುಂಟೇಲಿ ಅವರೇ ನಿಂತು ರಾಗಿ ಬೆಳೀತಾರೆ. ಬೆಳೆ ಸಮೀಕ್ಷೆ ಮಾಡಿಸಿದ್ರಾ ಅಕ್ಕಾ ಅಂತ ಕೇಳಿದೆ.

"ಇಲ್ಲ ಕಣಪ್ಪ. ಹೊಸ ಫೋನು ಬರುತ್ತಂತಲ್ಲ, ಮೂರೂವರೆ ಸಾವಿರಕ್ಕೆ. ಗಣೇಶನ ಹಬ್ಬಕ್ಕೇ ಬರ್ತದೆ ಅಂದ್ರು, ಬರಲಿಲ್ಲ. ಈಗ ದೀಪಾವಳಿಗಂತೆ. ದುಡ್ಡು ಎತ್ತಿಟ್ಟಿದ್ದೀನಿ. ಅದು ಬಂದ ಮೇಲೆ ನಾನೇ ಮಾಡ್ಕೋತೀನಿ" ಅಂದ್ರು.

ನನಗೆ ಎದೆ ಝಲ್ ಅಂತು. ಹೋದ ವರ್ಷ ನಾನು ಬಿದ್ದ ಗುಂಡೀಗೇ ಇವರೂ ಹೊರಟಿದ್ದಾರೆ. ಕಾಯ್ತಾ ಇರೋರು ಇವರೊಬ್ಬರೇ ಅಲ್ಲ. ನಮ್ಮೂರಲ್ಲಿ ನಾನು ಕೇಳಿದ ಹಾಗೆ ಹತ್ತು ಹನ್ನೆರಡು ಮನೆಯೋರು ಹೀಗೇ ಕೂತಿದ್ದಾರೆ. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. 2020ರ ಮುಂಗಾರಲ್ಲಿ ಸರ್ಕಾರ ಹೊಸ ಪದ್ಧತಿ ತಂತು. ನಿಮ್ಮ ಬೆಳೆ ಫೋಟೋ ನೀವೇ ತೆಗೆದು ಆ್ಯಪಿಗೆ ಹಾಕಿ ಅಂದ್ರು. ನನ್ನ ಹತ್ರ ಆಗ ಇದ್ದದ್ದು ಬಟನ್ ಫೋನು. ಪಕ್ಕದ ಮನೆ ಹುಡುಗನ ಫೋನ್ ಇಸ್ಕೊಂಡು ಹೊಲಕ್ಕೆ ಹೋದ್ರೆ ಒಟಿಪಿ ಬರೋದು ನನ್ನ ನಂಬರಿಗೆ, ನನ್ನ ಫೋನು ಮನೇಲಿ. ಇನ್ನೊಂದಿನ ಎರಡೂ ಫೋನ್ ತಗೊಂಡು ಹೋದ್ರೆ ಸಿಗ್ನಲ್ ಇಲ್ಲ. ಹೀಗೇ ಆಗಿ ಕೊನೆಗೆ ನನ್ನದು ಉಳೀತು. ಉಳಿದಿದ್ದನ್ನ ಬೇರೆಯೋರು ಬಂದು ಮಾಡ್ಕೊಂಡು ಹೋದ್ರು. ನನ್ನ 1 ಎಕರೆ 20 ಗುಂಟೆ ರಾಗಿ ಇದ್ದ ಜಾಗಕ್ಕೆ ಮುಸುಕಿನ ಜೋಳ ಅಂತ ಬರೆದಿದ್ರು.

ಇದು ಗೊತ್ತಾಗಿದ್ದು ಬೆಂಬಲ ಬೆಲೆಗೆ ರಾಗಿ ಕೊಡೋಕೆ ಹೆಸರು ಬರೆಸೋಣ ಅಂತ ಹೋದಾಗ. "ನಿಮ್ಮ ಸರ್ವೆ ನಂಬರಲ್ಲಿ ರಾಗಿ ಇಲ್ಲವಲ್ಲ ಯಜಮಾನ್ರೇ" ಅಂದ್ರು. ಚೀಲದಲ್ಲಿ ರಾಗಿ ಇದೆ, ಬಣವೇಲಿ ರಾಗಿ ಹುಲ್ಲಿದೆ, ದಾಖಲೇಲಿ ಜೋಳ. ತಕರಾರು ಹಾಕಿ ಅಂದ್ರು. ಎಲ್ಲಿ ಹಾಕೋದು ಅಂದ್ರೆ ಅದಕ್ಕೂ ಒಂದು ಆ್ಯಪ್ ಇದೆಯಂತೆ! ಫೋನ್ ಇಲ್ಲದ್ದಕ್ಕೆ ಆದ ತಪ್ಪನ್ನ ಸರಿ ಮಾಡೋಕೂ ಫೋನೇ ಬೇಕು. ಈ ಆಫೀಸಿಂದ ಆ ಆಫೀಸಿಗೆ ಐದು ಸಲ ತಿರುಗಿದೆ. ತಿದ್ದುಪಡಿ ಆಗೋ ಹೊತ್ತಿಗೆ ಹೆಸರು ಬರೆಸೋ ದಿನ ಮುಗಿದಿತ್ತು.

ಲೆಕ್ಕ ನೋಡಿ. ಆ ವರ್ಷ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 3,295. ನಾನು ವ್ಯಾಪಾರಿಗೆ ಕೊಟ್ಟಿದ್ದು 2,150ಕ್ಕೆ. ಮನೆಗೆ ಇಟ್ಕೊಂಡು ಮಾರಿದ್ದು 10 ಕ್ವಿಂಟಾಲ್. ಕೈ ಬಿಟ್ಟಿದ್ದು 11,450 ರೂಪಾಯಿ. ಓಡಾಡಿದ ಬಸ್ ಚಾರ್ಜು, ಹೋದ ಕೂಲಿ ಲೆಕ್ಕಕ್ಕೆ ಹಿಡಿದಿಲ್ಲ. ಆ ಸಿಟ್ಟಲ್ಲೇ ಸಂಕ್ರಾಂತಿ ಕಳೆದ ಮೇಲೆ 7,500 ಕೊಟ್ಟು ಈ ಫೋನ್ ತಗೊಂಡೆ. ಈಗ ಬರೀತಾ ಇರೋದೂ ಅದರಲ್ಲೇ. ಹಾಗಾಗಿ ನಾನು ಫೋನ್ ವಿರೋಧಿ ಅಂತ ಯಾರೂ ತಿಳೀಬೇಡಿ.

ಈಗ ಆ ಹೊಸ ಫೋನಿನ ವಿಚಾರಕ್ಕೆ ಬರೋಣ. ಜಿಯೋ ಕಂಪನಿ 2021ರ ಜೂನ್ 24ಕ್ಕೆ ಹೇಳ್ತು, ಗೂಗಲ್ ಜೊತೆ ಸೇರಿ ಜಿಯೋಫೋನ್ ನೆಕ್ಸ್ಟ್ ಅಂತ ಮಾಡ್ತೀವಿ, ತುಂಬಾ ಅಗ್ಗ, ಸೆಪ್ಟೆಂಬರ್ 10ರ ಗಣೇಶನ ಹಬ್ಬಕ್ಕೆ ಬಿಡ್ತೀವಿ ಅಂತ. ಹಬ್ಬ ಬಂತು, ಫೋನ್ ಬರಲಿಲ್ಲ. ಪ್ರಪಂಚದಲ್ಲೆಲ್ಲ ಚಿಪ್ ಕೊರತೆ ಇದೆ, ಇನ್ನೂ ಪರೀಕ್ಷೆ ನಡೀತಿದೆ, ದೀಪಾವಳಿ ಹೊತ್ತಿಗೆ ಕೊಡ್ತೀವಿ ಅಂದ್ರು. ಚಿಪ್ ಕೊರತೆ ಸುಳ್ಳಾಗಿರಲಿಲ್ಲ, ಆ ವರ್ಷ ಕಾರ್ ಕಂಪನಿಗಳೂ ಅದಕ್ಕೇ ಒದ್ದಾಡ್ತಿದ್ವು. ಆದ್ರೆ ಬೆಲೆ ಎಷ್ಟು ಅಂತ ಕಂಪನಿ ಆ ಹಬ್ಬ ಕಳೆದ ಮೇಲೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟಿದ್ದು ನಮ್ಮ ವಾಟ್ಸಾಪ್ ಗುಂಪುಗಳು. ಒಬ್ಬ 3,499 ಅಂತಿದ್ದ, ಇನ್ನೊಬ್ಬ ಎರಡು ಸಾವಿರದೊಳಗೆ ಅಂತಿದ್ದ, ಮತ್ತೊಬ್ಬ ಐನೂರು ಕಟ್ಟಿದ್ರೆ ಸಾಕು ಉಳಿದದ್ದು ಕಂತು ಅಂತಿದ್ದ. ಹೆರೋ ಮೊದಲೇ ಕರುವಿಗೆ ಗಂಟೆ ಕಟ್ಟಿದ ಹಾಗಾಯ್ತು.

ನನ್ನ ವಯಸ್ಸಿನೋರಿಗೆ ನೆನಪಿರಬೇಕು, ಇಂಥ ಮಾತು ಇದೇ ಮೊದಲಲ್ಲ. 2001ರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಸೇರಿ ಸಿಂಪ್ಯೂಟರ್ ಅಂತ ತೋರಿಸಿದ್ರು. ಅಂಗೈಯಗಲದ ಕಂಪ್ಯೂಟರು, ಹಳ್ಳಿ ಜನಕ್ಕೆ, ಅವರವರ ಭಾಷೇಲಿ. ಒಳ್ಳೇ ಬುದ್ಧಿವಂತರು, ಒಳ್ಳೇ ಮನಸ್ಸಿಂದ ಮಾಡಿದ ಕೆಲಸ. ಮಾರಾಟಕ್ಕೆ ಬರೋ ಹೊತ್ತಿಗೆ 2004 ಆಗಿತ್ತು. ನಮ್ಮೂರ ದಾರಿ ಅದಕ್ಕೆ ಗೊತ್ತಾಗಲೇ ಇಲ್ಲ. 2011ರಲ್ಲಿ ದೆಹಲೀಲಿ ಆಕಾಶ್ ಟ್ಯಾಬ್ಲೆಟ್ ಅಂತ ಬಂತು, ಮಕ್ಕಳಿಗೆಲ್ಲ ಅಗ್ಗಕ್ಕೆ ಅಂದ್ರು. ನಮ್ಮ ಮಕ್ಕಳ ಬ್ಯಾಗಲ್ಲಿ ನಾನಂತೂ ಒಂದೂ ನೋಡಲಿಲ್ಲ. 2016ರ ಫೆಬ್ರವರೀಲಿ ಫ್ರೀಡಂ 251 ಅಂತ ಬಂತಲ್ಲ, 251 ರೂಪಾಯಿಗೆ ಸ್ಮಾರ್ಟ್‌ಫೋನು! ಬುಕಿಂಗ್ ಶುರುವಾದ ದಿನವೇ ಅವರ ವೆಬ್‌ಸೈಟು ಜನರ ನೂಕು ತಡೀಲಾರದೆ ನಿಂತುಹೋಯ್ತು. ಮುಂದಿನ ವರ್ಷ ಆ ಕಂಪನಿ ನಿರ್ದೇಶಕರನ್ನ ವಂಚನೆ ದೂರಿನ ಮೇಲೆ ಪೊಲೀಸರು ಹಿಡಿದ್ರು.

ಜಿಯೋ ಅಂಥ ಕಂಪನಿ ಅಲ್ಲ, ಅದನ್ನೂ ಹೇಳ್ತೀನಿ. ಹೇಳಿದ ವಸ್ತು ತರೋ ಶಕ್ತಿ ಅವರಿಗಿದೆ. 2016ರ ಗಣೇಶನ ಹಬ್ಬದ ದಿನವೇ ಅವರ ಸಿಮ್ ಶುರುವಾಯ್ತು, ಮುಂದಿನ ಮಾರ್ಚ್ ಕೊನೇವರೆಗೆ ಪುಕ್ಕಟೆ ಕೊಟ್ರು. ಅವರಿಂದಲೇ ಎಲ್ಲ ಕಂಪನಿಯೋರೂ ಡೇಟಾ ಬೆಲೆ ಇಳಿಸಿದ್ರು. ನಾವು ಮಾರುಕಟ್ಟೆ ರೇಟು, ಹವಾಮಾನ ನೋಡೋಕೆ ಆಗಿದ್ದೇ ಆಮೇಲೆ. ಉಪಕಾರ ಮರೆಯೋದು ಬೇಡ. ಆದ್ರೆ ಪುಕ್ಕಟೆ ಅನ್ನೋ ಪದದ ಅರ್ಥಾನೂ ಅಲ್ಲೇ ಕಲಿತಿದ್ದೀವಿ. 2017ರ ಬಟನ್ ಜಿಯೋಫೋನು ಪುಕ್ಕಟೆ ಅಂದ್ರು. 1,500 ಠೇವಣಿ, ಮೂರು ವರ್ಷ ಆದ ಮೇಲೆ ಫೋನ್ ಕೊಟ್ರೆ ವಾಪಸ್ಸು. ಷರತ್ತು ಏನು ಅಂದ್ರೆ ವರ್ಷಕ್ಕೆ ಕಡಿಮೆ ಅಂದ್ರೂ 1,500 ರೂಪಾಯಿ ರೀಚಾರ್ಜು ಮಾಡಿಸಿರಬೇಕು. ಅಂದ್ರೆ ಪುಕ್ಕಟೆ ಫೋನಿಗೆ ಮೂರು ವರ್ಷಕ್ಕೆ 4,500. ತಪ್ಪು ಅನ್ನಲ್ಲ, ಅದು ವ್ಯಾಪಾರ. ವ್ಯಾಪಾರ ಅಂತ ತಿಳ್ಕೊಂಡು ತಗೊಳ್ಳಿ, ದಾನ ಅಂತ ತಿಳ್ಕೊಂಡು ಕೈ ಮುಗೀಬೇಡಿ.

ಹೊಸ ಫೋನಿಗೂ ಇದೇ ಲೆಕ್ಕ ಹಾಕಿ. ಮೂರೂವರೆ ಸಾವಿರವೇ ಅಂತ ಇಟ್ಕೊಳ್ಳಿ. 2021ರ ಅಕ್ಟೋಬರಲ್ಲಿ 28 ದಿನದ ರೀಚಾರ್ಜು 199 ಇತ್ತು. ಈ ಕಂಪನಿಗಳ ಪಂಚಾಂಗದಲ್ಲಿ ತಿಂಗಳಿಗೆ 28 ದಿನ, ವರ್ಷಕ್ಕೆ 13 ತಿಂಗಳು! 199ನ್ನ 13ರಿಂದ ಗುಣಿಸಿ, 2,587. ಮೂರು ವರ್ಷಕ್ಕೆ 7,761. ಫೋನಿನದೂ ಸೇರಿ 11,261. ಅಕ್ಕ ಎತ್ತಿಟ್ಟಿರೋದು ಮೂರೂವರೆ ಸಾವಿರ. ಉಳಿದದ್ದು ಎಲ್ಲಿಂದ ಬರಬೇಕು? ಹಸು ತರೋವಾಗ ಬೆಲೆ ಕೇಳ್ತೀವಿ, ಮೇವು ಹಿಂಡಿ ಲೆಕ್ಕಾನೂ ಕೇಳ್ತೀವಿ ತಾನೇ?

ಎತ್ತು ತರೋವಾಗ ಹಲ್ಲು ಎಣಿಸ್ತೀವಿ, ನಡೆಸಿ ನೋಡ್ತೀವಿ, ಸುಳಿ ನೋಡ್ತೀವಿ. ಫೋನಿಗೂ ಹಾಗೇ ಮಾಡಿ. ಮಧ್ಯಾಹ್ನದ ಬಿಸಿಲಲ್ಲಿ ಹೊಲದಲ್ಲಿ ನಿಂತ್ರೆ ಪರದೆ ಮೇಲೆ ಅಕ್ಷರ ಕಾಣುತ್ತಾ? ಕಳೆ ಕಿತ್ತು ಒಡೆದ ಬೆರಳಿಗೆ ಅದು ಮಾತು ಕೇಳುತ್ತಾ? ನನ್ನದು ಕೇಳಲ್ಲ, ಮೂರು ಸಲ ಒತ್ತಬೇಕು. ಕರೆಂಟ್ ಇಲ್ಲದ ದಿನ ಚಾರ್ಜು ಸಂಜೇವರೆಗೆ ಬರುತ್ತಾ? ಸಮೀಕ್ಷೆ ಆ್ಯಪು, ಬ್ಯಾಂಕಿನದು, ವಾಟ್ಸಾಪು ಎಲ್ಲ ಹಾಕಿದ ಮೇಲೆ ಒಳಗೆ ಜಾಗ ಉಳಿಯುತ್ತಾ? ಬೇರೆ ಕಂಪನಿ ಸಿಮ್ ನಡೆಯುತ್ತಾ? ಯಾಕಂದ್ರೆ ನಮ್ಮೂರ ಕೆರೆ ಆಚೆಗೆ ಒಂದು ಕಂಪನಿ ಸಿಗ್ನಲ್ ಇದ್ರೆ ಈಚೆಗೆ ಇನ್ನೊಂದು. ಗಾಜು ಒಡೆದ್ರೆ ತಾಲ್ಲೂಕಲ್ಲಿ ಹಾಕಿಕೊಡ್ತಾರಾ, ಎಷ್ಟು? ಇದಕ್ಕೆಲ್ಲ ಉತ್ತರ ಬೇಕು ಅಂದ್ರೆ ಫೋನ್ ಬಂದು, ಯಾರಾದ್ರೂ ತಗೊಂಡು, ಎರಡು ತಿಂಗಳು ಹೊಲದಲ್ಲಿ ಓಡಾಡಿಸಿರಬೇಕು. ಅಲ್ಲೀತನಕ ಬುಕಿಂಗ್ ಅಂತ ಯಾರೇ ದುಡ್ಡು ಕೇಳಿದ್ರೂ ಕೊಡಬೇಡಿ. ವಾಟ್ಸಾಪಲ್ಲಿ ಬರೋ ಲಿಂಕ್ ಅಂತೂ ಮುಟ್ಟಲೇಬೇಡಿ.

ಒಂದು ವಿಷಯಕ್ಕೆ ನನಗೂ ಆಸೆ ಇದೆ. ಪರದೆ ಮೇಲಿರೋದನ್ನ ಈ ಫೋನು ಓದಿ ಹೇಳುತ್ತಂತೆ. ನಮ್ಮ ಮನೆಯೋಳಿಗೆ ಅಕ್ಷರ ಬರಲ್ಲ. ಬ್ಯಾಂಕಿಂದ ಬಂದ ಮೆಸೇಜು ಅವಳೇ ಕೇಳಿಸ್ಕೊಳ್ಳೋ ಹಾಗಾದ್ರೆ ನನಗಿಂತ ಖುಷಿ ಪಡೋನು ಯಾರೂ ಇಲ್ಲ. ಅದು ಕನ್ನಡ ಎಷ್ಟು ಚೆನ್ನಾಗಿ ಓದುತ್ತೆ ಅಂತ ಮೊದಲು ಕೇಳಿ ನೋಡ್ತೀನಿ. ಚೆನ್ನಾಗಿದ್ರೆ ಅವಳಿಗೆ ನಾನೇ ತಂದುಕೊಡ್ತೀನಿ.

ಈಗ ಕೆಲವರು ಹೇಳ್ತಾರೆ: "ಅಣ್ಣ, ನಿನಗೆ 11,450 ನಷ್ಟ ಆಯ್ತು. ಫೋನ್ ಇದ್ದಿದ್ರೆ ಅದು ಉಳೀತಿತ್ತು. ಹಂಗಾದ್ರೆ ಫೋನ್ ದುಡ್ಡು ಒಂದೇ ವರ್ಷಕ್ಕೆ ಹುಟ್ಟಿದ ಹಾಗಾಯ್ತಲ್ಲ?" ನನ್ನ ಮಗನೂ ಇದನ್ನೇ ಹೇಳಿದ. ಲೆಕ್ಕ ಸರಿ, ನ್ಯಾಯ ಸರಿ ಇಲ್ಲ. ಬೆಂಬಲ ಬೆಲೆ ಸಿಗಬೇಕಾದದ್ದು ನಾನು ಬೆಳೆದ ರಾಗಿಗೆ, ನನ್ನ ಕೈಲಿರೋ ಫೋನಿಗಲ್ಲ. ನನ್ನ ಹಕ್ಕನ್ನ ನಾನು ಪಡೆಯೋಕೆ ವರ್ಷಾ ವರ್ಷಾ ಒಂದು ಕಂಪನಿಗೆ ಕಪ್ಪ ಕಟ್ಟಬೇಕು ಅಂದ್ರೆ ಅದನ್ನ ಸೌಲಭ್ಯ ಅಂತ ಹೇಗೆ ಕರೆಯೋದು? ಫೋನ್ ಕಡ್ಡಾಯ ಮಾಡಿದ್ದು ಸರ್ಕಾರ. ಫೋನ್ ಮಾರೋದು ಕಂಪನಿ. ನಡುವೆ ದುಡ್ಡು ಹೊಂದಿಸೋನು ನಾನು. ಅಗ್ಗದ ಫೋನು ಬಂದುಬಿಟ್ರೆ ಇನ್ನೂ ಕಷ್ಟ. "ಈಗ ಎಲ್ಲರ ಕೈಲೂ ಫೋನ್ ಇದೆಯಲ್ಲ" ಅಂತ ಹೇಳಿ ಉಳಿದಿರೋ ಒಂದೆರಡು ಕಿಟಕೀನೂ ಮುಚ್ತಾರೆ.

ಜನ ಬಂದು ಮಾಡಿದ ಕೆಲಸ ಹೇಗಿರುತ್ತೆ ಅಂತ ನಾವು ನೋಡಿದ್ದೀವಿ. 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಅಂತ ಮಾಡಿದ್ರು. ಮೇಷ್ಟ್ರು ಮೇಡಂ ಊರಿಗೇ ಬಂದು ಅರಳಿಕಟ್ಟೆ ಮೇಲೆ, ದೇವಸ್ಥಾನದ ಜಗುಲಿ ಮೇಲೆ ಮಕ್ಕಳನ್ನ ಕೂರಿಸಿ ಪಾಠ ಹೇಳಿದ್ರು. ಅಕ್ಟೋಬರಲ್ಲಿ ಕೊರೊನಾ ಅಂತ ನಿಲ್ಲಿಸಿದ ಮೇಲೆ ನನ್ನ ತಮ್ಮನ ಮಗಳು ಸಿಗ್ನಲ್ ಹುಡುಕ್ಕೊಂಡು ನೀರಿನ ಟ್ಯಾಂಕ್ ಹತ್ರ ನಿಲ್ತಿದ್ಲು. ಎರಡನ್ನೂ ಕಂಡ ಆ ಮಗೂನೇ ಹೇಳ್ತು, "ದೊಡ್ಡಪ್ಪ, ಕಟ್ಟೆ ಮೇಲೆ ಹೇಳಿದ್ದೇ ಅರ್ಥ ಆಗಿದ್ದು" ಅಂತ.

ಹಾಗಾದ್ರೆ ಏನು ಮಾಡೋದು? ನನಗೆ ತೋಚಿದ್ದು ಹೇಳ್ತೀನಿ.

ಒಂದು, ಸಮೀಕ್ಷೆಗೆ ಹೊಸ ಫೋನು ಕಾಯಬೇಡಿ. ಯಾರ ಫೋನಲ್ಲಾದ್ರೂ ಆಗುತ್ತೆ, ನಿಮ್ಮ ನಂಬರಿನ ಫೋನು ಒಟಿಪಿಗೆ ಜೊತೇಲಿರಲಿ. ಆವತ್ತು ಸಾಯಂಕಾಲವೇ ಅಕ್ಕನ್ನ ಕರ್ಕೊಂಡು ಅವರ ಹೊಲಕ್ಕೆ ಹೋಗಿ ನನ್ನ ಫೋನಲ್ಲೇ ಫೋಟೋ ತೆಗೆದೆ. ಅರ್ಧ ಗಂಟೆ ಹಿಡೀತು. ಮೋಡ ಇತ್ತು, ಅಕ್ಷರ ಕಾಣ್ತು. ರಾಗಿ ಅಂತ ಬಂತಾ ಅಂತ ಎರಡು ಸಲ ಕೇಳಿದ್ರು. ಬಂತಕ್ಕಾ ಅಂದೆ.

ಎರಡು, ಹಾಲಿನ ಡೇರಿಗೆ ಬೆಳಿಗ್ಗೆ ಸಂಜೆ ಎಲ್ಲರೂ ಬರ್ತೀವಿ. ಊರಿಗೆ ಒಂದು ಒಳ್ಳೇ ಫೋನು ಡೇರೀಲಿ ಇಟ್ಟು, ಓದಿದ ಹುಡುಗರು ಸರದಿ ಮೇಲೆ ಹೊಲಕ್ಕೆ ಬಂದ್ರೆ ಹತ್ತು ಮನೆ ಹತ್ತು ಫೋನು ತರೋದು ತಪ್ಪುತ್ತೆ. ಟ್ರ್ಯಾಕ್ಟರ್ ಮನೆಗೊಂದು ಇಟ್ಕೊಂಡಿದ್ದೀವಾ?

ಮೂರು, ಮುಂದಿನ ಗ್ರಾಮಸಭೇಲಿ ಎಲ್ಲರೂ ಎದ್ದು ನಿಂತು ಕೇಳೋಣ. ದಾಖಲೇಲಿ ಬೆಳೆ ತಪ್ಪಿದ್ರೆ ಬಿಳಿ ಹಾಳೇಲಿ ಬರೆದ ಅರ್ಜಿ ತಗೊಳ್ಳಿ, ರಸೀದಿ ಕೊಡಿ, ಹೊಲಕ್ಕೆ ಬಂದು ಕಣ್ಣಲ್ಲಿ ನೋಡಿ. ತಿದ್ದುಪಡಿ ಬಾಕಿ ಇರೋರಿಗೆ ಖರೀದಿ ಕೇಂದ್ರದ ಬಾಗಿಲು ಹಾಕಬೇಡಿ. ಇದನ್ನ ನಡಾವಳೀಲಿ ಬರೆಸೋಣ. 2021-22ರಲ್ಲಿ ರಾಗಿ ಬೆಂಬಲ ಬೆಲೆ 3,377 ಇತ್ತು. ಆ ದುಡ್ಡು ಬೆಳೆದೋನ ಕೈಗೆ ಬರಬೇಕು.

ದೀಪಾವಳಿಗೆ ಫೋನ್ ಬಂದ್ರೆ ಬರಲಿ, ಒಳ್ಳೇದಿದ್ರೆ ತಗೊಳ್ಳೋಣ. ರಾಗಿ ತೆನೆ ಮಾತ್ರ ಯಾವ ಕಂಪನಿ ತಾರೀಕಿಗೂ ಕಾಯಲ್ಲ. ನಿಮ್ಮೂರಲ್ಲಿ ಇನ್ನೂ ಯಾರದು ಉಳಿದಿದೆ ಅಂತ ನಾಳೆ ಡೇರಿ ಹತ್ರ ಒಂದು ಮಾತು ಕೇಳಿ. ಹೋದ ವರ್ಷ ನನ್ನ ಹಾಗೆ ಬೆಳೆ ತಪ್ಪು ಬರೆದು ನಷ್ಟ ಆದೋರು ಯಾವ ಊರು, ಎಷ್ಟು ಕ್ವಿಂಟಾಲ್ ಅಂತ ಕೆಳಗೆ ಬರೀರಿ. ಎಲ್ಲ ಸೇರಿಸಿ ಗ್ರಾಮಸಭೆಗೆ ತಗೊಂಡು ಹೋಗ್ತೀನಿ.