ಗುಂಡಿ ದಾಟಿದ ಮೇಲೆ ನೆಟ್ಟ ಎಚ್ಚರಿಕೆಯ ಫಲಕ



ಈ ಪುಟದಲ್ಲಿ ಸಾಮಾನ್ಯವಾಗಿ ಹಳೆಯ ದಿನಗಳ ನೆನಪುಗಳನ್ನು ಬರೆಯುತ್ತ ಬಂದವನು ನಾನು. ಇಂದು ಆ ಬುತ್ತಿಯನ್ನು ಬದಿಗಿಟ್ಟು ಒಂದು ಜಗಳಕ್ಕೆ ನಿಂತಿದ್ದೇನೆ. ಜಗಳ ನಿಮ್ಮಲ್ಲೇ ಹಲವರೊಡನೆ. ನನ್ನ ತರಗತಿಯ ಬೆಂಚುಗಳಿಂದ ಎದ್ದು ಹೋಗಿ ಬೆಂಗಳೂರಿನಲ್ಲೋ ಪುಣೆಯಲ್ಲೋ ಸಾಗರದಾಚೆಯೋ ತಂತ್ರಾಂಶದ ಉದ್ಯೋಗದಲ್ಲಿ ನೆಲೆಸಿದವರು ನೀವು. ನಿಮ್ಮ ಕಸುಬಿನಲ್ಲಿ ಒಂದು ಬಗೆಯ ಬರವಣಿಗೆ ಇದೆ. ಹಳೆಯ ಆವೃತ್ತಿಯಿಂದ ಹೊಸ ಆವೃತ್ತಿಗೆ ಹೋಗುವ ಬಗೆಯನ್ನು ತಿಳಿಸುವ ಸೂಚನೆಗಳು. ಅವುಗಳನ್ನು ನೀವು ಬರೆಯುತ್ತಿರುವ ರೀತಿ ಸರಿಯಿಲ್ಲ. ಸರಿಯಿಲ್ಲವೆಂದರೆ ಸೌಮ್ಯವಾಯಿತು, ಅದು ಹೊಣೆಗೇಡಿತನ.

ಗಣಕಯಂತ್ರದ ಪರಿಚಯವಿಲ್ಲದ ಬಂಧುಗಳಿಗಾಗಿ ಎರಡು ಮಾತು. ಪೋಸ್ಟ್‌ಗ್ರೆಸ್ ಎಂಬುದು ಒಂದು ಡೇಟಾಬೇಸ್ ಸರ್ವರ್. ಶಾಲೆಯ ದಾಖಲಾತಿ ಪುಸ್ತಕವನ್ನು ಕಾಯುವ ಗುಮಾಸ್ತನಂತೆ ಅದು ಲಕ್ಷಾಂತರ ದಾಖಲೆಗಳನ್ನು ಕ್ರಮವಾಗಿಟ್ಟು, ಕೇಳಿದಾಗ ಹುಡುಕಿಕೊಡುತ್ತದೆ. ಇದನ್ನು ಉಚಿತವಾಗಿ ಹಂಚುವವರಲ್ಲಿ ಡೆಬಿಯನ್ ಬಳಗವೂ ಒಂದು. ಅವರು ಮೂಲ ತಂತ್ರಾಂಶವನ್ನು ತಮ್ಮ ವ್ಯವಸ್ಥೆಗೆ ಹೊಂದಿಸಿ, ಪ್ಯಾಕೇಜ್ ಎಂಬ ಕಟ್ಟು ಕಟ್ಟಿ ಕೊಡುತ್ತಾರೆ. 15.3 ಇದ್ದದ್ದು 15.4 ಆದರೆ ತೊಂದರೆಯಿಲ್ಲ. ಹೊಸ ಕಟ್ಟು ಹಾಕಿ ಸರ್ವರನ್ನು ಮತ್ತೆ ಆರಂಭಿಸಿದರೆ ಸಾಕು. 15 ಹೋಗಿ 17 ಬಂದರೆ ಕಥೆ ಬೇರೆ. ದಾಖಲೆಗಳನ್ನು ಒಳಗೆ ಬರೆದಿಡುವ ರೀತಿಯೇ ಬದಲಾಗಿರುವುದರಿಂದ ಹೊಸ ಗುಮಾಸ್ತ ಹಳೆಯ ಪುಸ್ತಕವನ್ನು ಓದಲಾರ. ಎಲ್ಲವನ್ನೂ ಹೊಸ ಮನೆಗೆ ಸಾಗಿಸಬೇಕು. ಒಂದೊಂದು ದೊಡ್ಡ ಆವೃತ್ತಿಗೂ ಐದು ವರ್ಷ ಮಾತ್ರ ಆಸರೆ ಇರುವುದರಿಂದ ಈ ಸಾಗಾಟ ಯಾರಿಗೂ ತಪ್ಪಿದ್ದಲ್ಲ.

ಈಗ ನನ್ನ ಕೋಪದ ಕಾರಣ. ಕಳೆದ 2025ರಲ್ಲಿ ನೆರೆಯ ಊರಿನ ಒಂದು ಗ್ರಂಥಾಲಯದಲ್ಲಿ ಈ ಸಾಗಾಟ ನಡೆಯಿತು. ಮಾಡಿದವನು ನನ್ನ ಶಿಷ್ಯನೇ, ಹೆಸರು ಬೇಡ. ಪುಸ್ತಕ ಕೊಡುವುದು, ಕಸ ಗುಡಿಸುವುದು, ಗಣಕವನ್ನು ನೋಡಿಕೊಳ್ಳುವುದು ಎಲ್ಲ ಅವನದೇ ಪಾಲು. ಯಾರೋ ಪುಣ್ಯಾತ್ಮರು ಬರೆದ ಸೂಚನೆಗಳನ್ನು ಮುಂದಿಟ್ಟುಕೊಂಡು ಒಂದಕ್ಷರ ಬಿಡದೆ ಪಾಲಿಸಿದ. ಗ್ರಂಥಾಲಯದ ಸಮಸ್ತ ದಾಖಲೆಯೂ ಕ್ಷಣದಲ್ಲಿ ಅಳಿಸಿಹೋಯಿತು. ಮೂರು ವಾರ ಹಿಂದಿನ ಪ್ರತಿ ಒಂದಿತ್ತು. ಉಳಿದದ್ದನ್ನು ಅವನೂ ಇಬ್ಬರು ಹೆಣ್ಣುಮಕ್ಕಳೂ ಕಾಗದದ ದಾಖಲೆ ನೋಡಿ ಹತ್ತು ದಿನ ಕುಳಿತು ಮತ್ತೆ ತುಂಬಿದರು. ಆಡಳಿತ ಸಮಿತಿಯವರು ಅವನನ್ನು ಕರೆಸಿ, “ಓದಿ ಮಾಡಲು ಬರುವುದಿಲ್ಲವೇ” ಎಂದು ಗದರಿ, ಗಣಕದ ಕೆಲಸದಿಂದ ಬಿಡಿಸಿದರು.

ಅವನು ಓದಿಯೇ ಮಾಡಿದ್ದ! ಆ ಸೂಚನೆಗಳನ್ನು ತರಿಸಿಕೊಂಡು ನಾನೂ ಓದಿದೆ.

ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೆಬಿಯನ್ 12ರಲ್ಲಿ ಪೋಸ್ಟ್‌ಗ್ರೆಸ್ 15 ಇತ್ತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 17 ಇದೆ. ಹೊಸ ಕಟ್ಟು ಬಂದೊಡನೆ ಅದು ತಾನಾಗಿಯೇ ‘17 ಮೇನ್’ ಎಂಬ ಖಾಲಿ ಮನೆಯೊಂದನ್ನು ಕಟ್ಟುತ್ತದೆ. ಇಂತಹ ಮನೆಗೆ ಅವರು ಕ್ಲಸ್ಟರ್ ಎನ್ನುತ್ತಾರೆ. ಹಳೆಯ ‘15 ಮೇನ್’ 5432ನೆಯ ಪೋರ್ಟಿನಲ್ಲಿ ದಾಖಲೆಗಳ ಸಮೇತ ಇದ್ದಲ್ಲೇ ಇರುತ್ತದೆ. ಹೊಸದಕ್ಕೆ 5433 ಸಿಗುತ್ತದೆ. ಸಾಗಾಟಕ್ಕೆಂದೇ ‘ಪಿಜಿ ಅಪ್‌ಗ್ರೇಡ್‌ಕ್ಲಸ್ಟರ್’ ಎಂಬ ಒಳ್ಳೆಯ ಉಪಕರಣವಿದೆ. ಆದರೆ ‘17 ಮೇನ್’ ಆಗಲೇ ಎದ್ದು ನಿಂತಿದ್ದರೆ ಅದು ಮುಂದುವರಿಯಲು ಒಪ್ಪುವುದಿಲ್ಲ. ಆದ್ದರಿಂದ ಎಲ್ಲ ಸೂಚನೆಗಳೂ ಮೊದಲು ಆ ಖಾಲಿ ಮನೆಯನ್ನು ‘ಪಿಜಿ ಡ್ರಾಪ್‌ಕ್ಲಸ್ಟರ್’ ಎಂಬ ಆಜ್ಞೆಯಿಂದ ಕೆಡವಲು ಹೇಳುತ್ತವೆ. ಸಾಗಾಟ ಮುಗಿದು ಎಲ್ಲ ಸರಿಯಿದೆಯೆಂದು ಕಂಡ ಮೇಲೆ, ಹಳೆಯ ಮನೆಯನ್ನು ಅದೇ ಆಜ್ಞೆಯಿಂದ ಕೆಡವಲು ಹೇಳುತ್ತವೆ. ಒಂದೇ ಆಜ್ಞೆ, ಎರಡು ಸಲ. ಮೊದಲ ಸಲ ಹೊಸದರ ಮೇಲೆ, ಎರಡನೆಯ ಸಲ ಹಳೆಯದರ ಮೇಲೆ. ನಡುವೆ ವ್ಯತ್ಯಾಸ ಒಂದು ಸಂಖ್ಯೆ ಮಾತ್ರ. ‘ನಿಲ್ಲಿಸು’ ಎಂಬ ಆಯ್ಕೆಯನ್ನೂ ಜೊತೆಗೆ ಕೊಟ್ಟರೆ ನಡೆಯುತ್ತಿರುವ ಸರ್ವರನ್ನು ನಿಲ್ಲಿಸಿ ಅಳಿಸುತ್ತದೆ. “ನಿಜವಾಗಿಯೂ ಅಳಿಸಲೇ?” ಎಂದು ಒಂದು ಮಾತೂ ಕೇಳುವುದಿಲ್ಲ.

ನನ್ನ ಶಿಷ್ಯನ ಕೈಗೆ ಸಿಕ್ಕಿದ್ದು 2023ರಲ್ಲಿ ಬರೆದ ಸೂಚನೆ. ಆಗ ಸಾಗಾಟ ನಡೆಯುತ್ತಿದ್ದುದು 13ರಿಂದ 15ಕ್ಕೆ. ಆ ದಿನಗಳಲ್ಲಿ ಖಾಲಿ ಮನೆಯ ಸಂಖ್ಯೆ 15. ಆದ್ದರಿಂದ ಅದರ ಮೊದಲ ಹೆಜ್ಜೆಯಲ್ಲಿ ‘15 ಮೇನ್ ಅನ್ನು ಕೆಡವಿ’ ಎಂದಿತ್ತು. ಬರೆದ ದಿನ ಅದು ಅಕ್ಷರಶಃ ಸರಿ. ಎರಡು ವರ್ಷಗಳ ನಂತರ ಅದೇ 15ರಲ್ಲಿ ಗ್ರಂಥಾಲಯ ವಾಸವಾಗಿತ್ತು. ಈಗ ಹೇಳಿ, ತಪ್ಪು ಯಾರದು? “ಸಂಖ್ಯೆಯನ್ನು ತನ್ನ ಯಂತ್ರಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕಿತ್ತು” ಎನ್ನುವಿರಿ. ಹಾಗೆ ಬದಲಿಸಬೇಕೆಂದು ಸೂಚನೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆ ಸಂಖ್ಯೆ ಹೊಸದರದ್ದೋ ಹಳೆಯದರದ್ದೋ ಎಂಬುದನ್ನೂ ಹೇಳಿರಲಿಲ್ಲ. ಬರೆದವನಿಗೆ ಅದು ಗೊತ್ತಿತ್ತು, ಓದುವವನಿಗೂ ಗೊತ್ತಿದೆಯೆಂದು ಭಾವಿಸಿದ. ಗೊತ್ತಿದ್ದವನು ಸೂಚನೆಯನ್ನು ಏಕೆ ಓದುತ್ತಾನೆ?

ಮೂವತ್ತನಾಲ್ಕು ವರ್ಷ ನಾನು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಿಂತವನು. ಗಂಧಕಾಮ್ಲವನ್ನು ತಿಳಿಗೊಳಿಸುವಾಗ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕು; ಆಮ್ಲಕ್ಕೆ ನೀರು ಸುರಿದರೆ ಶಾಖಕ್ಕೆ ಮುಖಕ್ಕೇ ಸಿಡಿಯುತ್ತದೆ. ಈ ಮಾತನ್ನು ನಿಮಗೆ ಯಾವಾಗ ಹೇಳುತ್ತಿದ್ದೆ? ಗಾಜಿನ ಪಾತ್ರೆಯನ್ನು ಕೈಯಲ್ಲಿ ಹಿಡಿಯುವ ಮೊದಲು. ಪ್ರಯೋಗದ ಕೊನೆಯಲ್ಲಿ ‘ಗಮನಿಸಿ’ ಎಂದು ಕೆಳಗೊಂದು ಸಾಲು ಬರೆದಿದ್ದರೆ ನಿಮ್ಮಲ್ಲಿ ಕೆಲವರು ಇಂದು ಕನ್ನಡಕವಿಲ್ಲದೆಯೂ, ಅದರೊಡನೆಯೂ ಈ ಪುಟವನ್ನು ಓದಲಾಗುತ್ತಿರಲಿಲ್ಲ.

ಮೂಲ ಕೈಪಿಡಿಯನ್ನೇ ನೋಡಿ. ಪೋಸ್ಟ್‌ಗ್ರೆಸ್ ಬಳಗದ ಕೈಪಿಡಿ ಶ್ರದ್ಧೆಯಿಂದ ಬರೆದದ್ದು, ಅದನ್ನು ಹಳಿಯಲಾರೆ. ‘ಪಿಜಿ ಅಪ್‌ಗ್ರೇಡ್’ ಎಂಬ ಅವರ ಸ್ವಂತ ಉಪಕರಣದಲ್ಲಿ ಏನನ್ನೂ ಮುಟ್ಟದೆ ಪರೀಕ್ಷಿಸಿ ನೋಡುವ ಆಯ್ಕೆ ಇದೆ. ಕಡತಗಳನ್ನು ನಕಲಿಸದೆ ಕೊಂಡಿ ಹಾಕಿ ಬೇಗ ಮುಗಿಸುವ ಆಯ್ಕೆಯೂ ಇದೆ. ಹಾಗೆ ಕೊಂಡಿ ಹಾಕಿ, ಹೊಸ ಸರ್ವರನ್ನು ಒಮ್ಮೆ ಆರಂಭಿಸಿದರೆ ಹಳೆಯದಕ್ಕೆ ಮರಳುವ ದಾರಿ ಮುಚ್ಚಿತು. ಮುಂಚೆ ತೆಗೆದಿಟ್ಟ ಪ್ರತಿಯೊಂದೇ ಗತಿ. ಈ ‘ಮರಳುವ ದಾರಿ’ಯ ವಿವರ ಕೈಪಿಡಿಯಲ್ಲಿ ಎಲ್ಲಿದೆಯೆಂದು ಬಲ್ಲಿರಾ? ಹೆಜ್ಜೆಗಳ ಸಾಲಿನ ಕಟ್ಟಕಡೆಯಲ್ಲಿ. ಹೆಜ್ಜೆ ಹೆಜ್ಜೆಯಾಗಿ ಓದಿ ಮಾಡುತ್ತ ಬಂದವನು ಅಲ್ಲಿಗೆ ತಲುಪುವ ಹೊತ್ತಿಗೆ ಹೊಸ ಸರ್ವರು ಎದ್ದು ಕುಳಿತಿರುತ್ತದೆ.

ಇನ್ನೊಂದು ತೊಡಕು. ಮೂಲ ಕೈಪಿಡಿಯ ಲೇಖಕರಿಗೆ ಡೆಬಿಯನ್ ಕಡತಗಳನ್ನು ಎಲ್ಲಿಟ್ಟಿದೆಯೆಂಬ ಚಿಂತೆಯಿಲ್ಲ. ಡೆಬಿಯನ್ ಹೊಂದಾಣಿಕೆಯ ಕಡತಗಳನ್ನು ಒಂದು ಕಡೆ, ದಾಖಲೆಗಳನ್ನು ಮತ್ತೊಂದು ಕಡೆ ಇಡುತ್ತದೆ. ಆಜ್ಞೆಗಳ ಹೆಸರೂ ಬೇರೆ. ಅದರ ವಿವರಣೆ ಗಣಕದೊಳಗೇ ಒಂದು ಮೂಲೆಯಲ್ಲಿ, ಅದೂ ಒತ್ತಿ ಮಡಿಸಿದ ಕಡತದ ರೂಪದಲ್ಲಿ ಕುಳಿತಿದೆ. ಬಿಚ್ಚಿ ಓದುವ ಬಗೆ ಬಲ್ಲವರಿಗೆ ಮಾತ್ರ ಅದು ದಕ್ಕುತ್ತದೆ. ಅತ್ತ ಮೂಲದವರು, ಇತ್ತ ಕಟ್ಟು ಕಟ್ಟುವವರು. ಇವರಿಬ್ಬರ ನಡುವಿನ ಹಳ್ಳದಲ್ಲಿ ಗ್ರಂಥಾಲಯದ ಹುಡುಗ.

ಸದ್ದಿಲ್ಲದ ಅಪಾಯವೊಂದನ್ನೂ ಹೇಳಿಬಿಡುತ್ತೇನೆ. ಅಕ್ಷರಾನುಕ್ರಮದ ನಿಯಮಗಳನ್ನು ಪೋಸ್ಟ್‌ಗ್ರೆಸ್ ಬಹುಮಟ್ಟಿಗೆ ಕಾರ್ಯವ್ಯವಸ್ಥೆಯಿಂದ ಎರವಲು ಪಡೆಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಈ ನಿಯಮಗಳನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿತು. ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಯನ್ನು ಹೊಸ ಕ್ರಮದಲ್ಲಿ ಹುಡುಕಿದರೆ, ಕಪಾಟಿನಲ್ಲಿರುವ ಪುಸ್ತಕವೇ ಇಲ್ಲವೆಂದು ಉತ್ತರ ಬರಬಹುದು. ಸೂಚಿಗಳನ್ನು ಮತ್ತೆ ಕಟ್ಟಿಸಿದರೆ ಸರಿಹೋಗುತ್ತದೆ. ಆದರೆ ಕಟ್ಟಿಸಬೇಕೆಂದು ಯಾರಾದರೂ ಹೇಳಬೇಕಲ್ಲ!

“ಮೇಷ್ಟ್ರೇ, ಉದ್ದ ಬರೆದರೆ ಯಾರೂ ಓದುವುದಿಲ್ಲ” ಎಂದು ನಿಮ್ಮಲ್ಲೊಬ್ಬ ಕಳೆದ ತಿಂಗಳು ದೂರವಾಣಿಯಲ್ಲಿ ವಾದಿಸಿದ. ಉದ್ದ ಬರೆಯಿರೆಂದು ನಾನು ಹೇಳಿಲ್ಲ. ಕೆಡವುವ ಆಜ್ಞೆಗೆ ಮೊದಲು ಎರಡು ಸಾಲು ಸಾಕು. ‘ಪಿಜಿ ಎಲ್‌ಎಸ್‌ಕ್ಲಸ್ಟರ್ಸ್’ ಎಂದು ಕೊಟ್ಟರೆ ಯಾವ ಆವೃತ್ತಿ, ಯಾವ ಪೋರ್ಟು, ನಡೆಯುತ್ತಿದೆಯೋ ನಿಂತಿದೆಯೋ ಎಲ್ಲ ಕಾಣುತ್ತದೆ. ಕಾಗದದ ಮೇಲೆ ಬರೆದುಕೊಳ್ಳಿ ಎನ್ನಿ. ಕೆಡವಬೇಕಾದದ್ದರ ಒಳಗೆ ಇಣುಕಿ ನೋಡಲು ಹೇಳಿ. ಖಾಲಿ ಮನೆಯಲ್ಲಿ ‘ಪೋಸ್ಟ್‌ಗ್ರೆಸ್’ ಮತ್ತು ಎರಡು ‘ಟೆಂಪ್ಲೇಟ್’ಗಳಲ್ಲದೆ ಬೇರೆ ಡೇಟಾಬೇಸ್ ಇರುವುದಿಲ್ಲ, ನಾಲ್ಕನೆಯದು ಕಂಡರೆ ಕೈ ತೆಗೆಯಿರಿ ಎನ್ನಿ. ಇನ್ನೂ ಕೇಳುವುದಾದರೆ, ಕೆಡವುವುದೇ ಏಕೆ? ‘ಪಿಜಿ ರೀನೇಮ್‌ಕ್ಲಸ್ಟರ್’ ಎಂಬ ಆಜ್ಞೆ ಇದೆ. ಖಾಲಿ ಮನೆಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿದರೂ ದಾರಿ ತೆರವಾಗುತ್ತದೆ. ಕೈ ತಪ್ಪಿ ತುಂಬಿದ ಮನೆಗೇ ಬೇರೆ ಹೆಸರಿಟ್ಟರೂ ಒಂದು ದಾಖಲೆ ಹೋಗದು, ಹಳೆಯ ಹೆಸರನ್ನು ಮತ್ತೆ ಇಡಬಹುದು. ಇದನ್ನು ಹೇಳುವ ಒಂದು ಸೂಚನೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

“ಪುಕ್ಕಟೆ ಬರೆದುಕೊಟ್ಟವರನ್ನು ಬೈಯುವುದೇ? ದಾನ ಕೊಟ್ಟ ಹಸುವಿನ ಹಲ್ಲು ಎಣಿಸುವುದೇ?” ಎಂದೂ ಕೇಳುವಿರಿ. ಹಲ್ಲು ಎಣಿಸುತ್ತಿಲ್ಲ. ಹಸು ಒದೆಯುತ್ತದೆಂದು ಗೊತ್ತಿದ್ದರೆ ಹಗ್ಗ ಕೈಗಿಡುವಾಗಲೇ ಹೇಳಿ ಎನ್ನುತ್ತಿದ್ದೇನೆ.

ಸೂಚನೆ ಪರೀಕ್ಷಿಸುವ ಬಗೆಯನ್ನೂ ಕೇಳಿಕೊಳ್ಳಿ. ಬರೆದವನೇ ತನ್ನದನ್ನು ಓದಿ ತಲೆದೂಗುವುದು ಪರೀಕ್ಷೆಯಲ್ಲ. ವಿಷಯ ಅರಿಯದ ಒಬ್ಬನನ್ನು ಹಳೆಯ ಯಂತ್ರದ ಮುಂದೆ ಕೂರಿಸಿ, ನೀವು ಹಿಂದೆ ನಿಂತು, ಬಾಯಿ ಮುಚ್ಚಿಕೊಂಡು ನೋಡಿ. ಅವನು ಎಲ್ಲಿ ತಡೆಯುತ್ತಾನೋ ಅಲ್ಲಿ ಒಂದು ಸಾಲು ಕಡಿಮೆಯಾಗಿದೆ. ಸೂಚನೆಯ ತಲೆಯ ಮೇಲೆ ಬರೆದ ದಿನಾಂಕ ಹಾಕಿ, ಯಾವ ಆವೃತ್ತಿಯಿಂದ ಯಾವುದಕ್ಕೆ ಎಂಬುದನ್ನೂ ಬರೆಯಿರಿ. ಉತ್ತರಪತ್ರಿಕೆಯ ಮೇಲೆ ದಿನಾಂಕವಿಲ್ಲದಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ, ನೆನಪಿದೆಯಷ್ಟೇ?

ನಮ್ಮೂರಿನ ಗ್ರಂಥಾಲಯ ಇನ್ನೂ 15ರಲ್ಲೇ ಇದೆ. ಅದಕ್ಕೆ 2027ರ ನವೆಂಬರ್‌ವರೆಗೆ ಆಸರೆ ಇರುವುದರಿಂದ ಅವಸರವಿಲ್ಲ. ಸಾಗಾಟದ ಸೂಚನೆಗಳನ್ನು ಕನ್ನಡದಲ್ಲಿ ಎರಡು ಪುಟ ಬರೆದಿದ್ದೇನೆ. ಮೊದಲು ಸಂಪೂರ್ಣ ಪ್ರತಿ ತೆಗೆದು, ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುವುದರಿಂದ ಅದು ಆರಂಭವಾಗುತ್ತದೆ. ಗಣಕದ ಕೆಲಸದಿಂದ ಬಿಡಿಸಲ್ಪಟ್ಟ ಆ ಹುಡುಗನನ್ನೇ ಕರೆದು, ಅವನಿಂದಲೇ ಪರೀಕ್ಷೆ ಮಾಡಿಸುತ್ತೇನೆ. ಸಮಿತಿಯ ಅಧ್ಯಕ್ಷರನ್ನೂ ಬರಹೇಳಿದ್ದೇನೆ. ನಿಮ್ಮಲ್ಲಿ ಬಲ್ಲವರು ಯಾರಾದರೂ ಆ ಎರಡು ಪುಟಗಳನ್ನು ತಿದ್ದಿಕೊಡುವುದಾದರೆ ಬರೆಯಿರಿ, ಕಳುಹಿಸುತ್ತೇನೆ. ಕೆಂಪು ಶಾಯಿಯನ್ನು ಧಾರಾಳವಾಗಿ ಬಳಸಬಹುದು.